ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ವಿಂಡೋಸ್ 11: ಮನೆ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಯಾವ ಹಳೇ ಕಂಪ್ಯೂಟರ್‌ಗಾದರೂ ಹತ್ತೇ ನಿಮಿಷದಲ್ಲಿ ವಿಂಡೋಸ್ 11!

ಚಿಕ್ಕಪ್ಪ: ಪೂರ್ತಿ ನೋಡಿದೆ. ನಮ್ಮ ಲ್ಯಾಪ್‌ಟಾಪ್‌ಗೂ ಆಗುತ್ತದೆ. ಭಾನುವಾರ ಕೂತು ಹಾಕಿಬಿಡುತ್ತೇನೆ.

ನಾನು: ಸ್ವಲ್ಪ ತಾಳಿ ಚಿಕ್ಕಪ್ಪ. ವಿಡಿಯೊ ಕೆಳಗೆ ಡೌನ್‌ಲೋಡ್ ಲಿಂಕ್ ಕೊಟ್ಟಿದ್ದಾರೆ. ಅದನ್ನು ಒತ್ತಿದ್ದೀರಾ?

ಚಿಕ್ಕಪ್ಪ: ಇನ್ನೂ ಇಲ್ಲ. ಯಾಕೆ?

ನಾನು: ದಯವಿಟ್ಟು ಒತ್ತಬೇಡಿ. ಅದು ಮೈಕ್ರೊಸಾಫ್ಟ್ ಕೊಟ್ಟ ಫೈಲ್ ಅಲ್ಲ. ಯಾರೋ ಬಿಚ್ಚಿ, ತಮಗೆ ಬೇಕಾದ ಹಾಗೆ ಬದಲಾಯಿಸಿ ಇಟ್ಟಿರುವುದು. ಒಳಗೆ ಇನ್ನೇನು ಸೇರಿಸಿದ್ದಾರೆ ಅಂತ ನಮಗೆ ತಿಳಿಯುವುದಿಲ್ಲ. ಹಾಕುವುದೇ ಆದರೆ ಮೈಕ್ರೊಸಾಫ್ಟ್ ಸೈಟ್‌ನಿಂದಲೇ ಇಳಿಸಿಕೊಳ್ಳಬೇಕು.

ಭಾವ: ಲಿಂಕ್ ವಿಷಯ ಸರಿ. ಆದರೆ ಮಾವನನ್ನು ಸುಮ್ನೆ ಹೆದರಿಸಬೇಡ. ನನ್ನದು ಏಳನೇ ಜನರೇಶನ್ ಪ್ರೊಸೆಸರ್, 11 ಓಡಿಸಬಹುದು ಅಂತ ಮೈಕ್ರೊಸಾಫ್ಟ್ ಕೊಟ್ಟ ಪಟ್ಟಿಯಲ್ಲಿಲ್ಲ. ರೂಫಸ್ ಅನ್ನುವ ತಂತ್ರಾಂಶದಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ಯಂತ್ರದ ತಪಾಸಣೆ ಬೇಡ ಅಂತ ಒಂದು ಟಿಕ್ ಹಾಕಿದೆ. ಎರಡು ವರ್ಷದಿಂದ ಚೆನ್ನಾಗಿ ಓಡುತ್ತಿದೆ, ತಿಂಗಳು ತಿಂಗಳು ಅಪ್‌ಡೇಟ್ ಕೂಡ ಬರುತ್ತಿದೆ.

ಚಿಕ್ಕಪ್ಪ: ಕೇಳಿದೆಯಾ? ನನ್ನದು 2016ರಲ್ಲಿ ತಗೊಂಡಿದ್ದು. ಐ5, ಆರನೇ ಜನರೇಶನ್, 8 ಜಿಬಿ ರ‍್ಯಾಮ್. ಒಂದು ಕೀ ಕೂಡ ಹೋಗಿಲ್ಲ. ಇಂಥದ್ದನ್ನು ಎತ್ತಿಟ್ಟು ಹೊಸದು ತಗೋ ಅಂದರೆ ಮನಸ್ಸು ಬರುವುದಿಲ್ಲ.

ಅಕ್ಕ: ಎತ್ತಿಡಿ ಅಂತ ಯಾರೂ ಹೇಳಲಿಲ್ಲ ಚಿಕ್ಕಪ್ಪ.

ನಾನು: ಭಾವ, ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ನಿಮ್ಮದರಲ್ಲಿ ತಾನಾಗಿ ಬಂತಾ?

ಭಾವ: ಅದು ಬರಲಿಲ್ಲ. ಮತ್ತೆ ಪೆನ್‌ಡ್ರೈವ್ ಮಾಡಿ ಹಾಕಿದೆ. ಒಂದು ಸಂಜೆ ಹಿಡಿಯಿತು.

ನಾನು: ನನ್ನ ಚಿಂತೆ ಅದೇ. ವಿಂಡೋಸ್ 11ರ ಹೋಮ್, ಪ್ರೊ ಎರಡು ಬಗೆಯಲ್ಲೂ ಒಂದು ಆವೃತ್ತಿಗೆ 24 ತಿಂಗಳು ಮಾತ್ರ ಅಪ್‌ಡೇಟ್. ಅದು ಮುಗಿದ ಮೇಲೆ ಪರದೆ ಮೇಲೆ ಎಲ್ಲ ಮೊದಲಿನ ಹಾಗೇ ಇರುತ್ತದೆ, ಆದರೆ ರಕ್ಷಣೆ ನಿಂತಿರುತ್ತದೆ. ನಿಮಗೆ ಅದು ಗೊತ್ತು, ಕೂತು ಮತ್ತೆ ಹಾಕುತ್ತೀರಿ. ಕೆಟ್ಟರೆ ಇನ್ನೊಂದು ಲ್ಯಾಪ್‌ಟಾಪ್ ಇದೆ. ಚಿಕ್ಕಪ್ಪನ ಮನೆಯಲ್ಲಿ ಇರುವುದು ಇದೊಂದೇ. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಅಂತ ಮೈಕ್ರೊಸಾಫ್ಟ್‌ನವರೇ ಹೇಳಿದ್ದಾರೆ. ಇವತ್ತು ಬರುತ್ತಿದೆ ಅನ್ನುವುದು ಬೇರೆ, ನಾಳೆಯೂ ಕೊಡುತ್ತೇವೆ ಅನ್ನುವ ಮಾತು ಬೇರೆ.

ಇನ್ನೊಂದು. ವಿಡಿಯೊದಲ್ಲಿ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಹೋಗಿ ಟಿಪಿಎಂ (11 ಕೇಳುವ ಭದ್ರತಾ ಚಿಪ್, ಕೀಗಳು ಅದರಲ್ಲಿರುತ್ತವೆ) ಕ್ಲಿಯರ್ ಮಾಡಿ ಅನ್ನುತ್ತಾನೆ, ಯಾಕೆ ಅಂತ ಹೇಳುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಮುಂದಿನ ಸಲ ಶುರು ಮಾಡಿದಾಗ ನೀಲಿ ಪರದೆ ಬಂದು 48 ಅಂಕೆಯ ರಿಕವರಿ ಕೀ ಕೇಳುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಫೋಟೊ, ಲೆಕ್ಕ ಎಲ್ಲ ಒಳಗೇ ಉಳಿಯುತ್ತವೆ.

ಚಿಕ್ಕಮ್ಮ: ಅದರಲ್ಲಿ ದಿನಾ ಕೆಲಸ ಮಾಡುವವಳು ನಾನು. ಸಂಘದ ಲೆಕ್ಕ, ಬ್ಯಾಂಕ್ ಎಲ್ಲ ಅಲ್ಲೇ ಇದೆ. ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಭಾವ: ಅತ್ತೆ, ಅದಕ್ಕೇ ಹೇಳುತ್ತಿದ್ದೇನೆ. 2025ರ ಅಕ್ಟೋಬರ್ 14ಕ್ಕೇ ವಿಂಡೋಸ್ 10ರ ಬೆಂಬಲ ಮುಗಿದಿದೆ. ಅದರಲ್ಲೇ ಬ್ಯಾಂಕ್ ಕೆಲಸ ಮುಂದುವರಿಸುವುದು 11 ಹಾಕುವುದಕ್ಕಿಂತ ಜಾಸ್ತಿ ಅಪಾಯ.

ನಾನು: ಇದನ್ನು ಒಪ್ಪುತ್ತೇನೆ. ಹಾಗೇ ಬಿಡುವುದಂತೂ ಬೇಡ. ಆದರೆ 10ಕ್ಕೇ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಅಷ್ಟರವರೆಗೆ ಚಿಕ್ಕಮ್ಮನ ಕೆಲಸ ನಿಲ್ಲುವುದಿಲ್ಲ, ನಮಗೂ ಯೋಚಿಸಲು ಸಮಯ ಸಿಗುತ್ತದೆ.

ಚಿಕ್ಕಪ್ಪ: ಹಾಗಾದರೆ ಮೂಲೆಯಲ್ಲಿರುವ ಡೆಸ್ಕ್‌ಟಾಪ್ ಮೇಲೆ ಪ್ರಯೋಗ ಮಾಡಲಾ? ಕೋರ್ 2 ಡ್ಯುಯೊ.

ಭಾವ: ಅದರಲ್ಲಿ ಆಗುವುದಿಲ್ಲ ಮಾವ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಅನ್ನುವ ಸೂಚನೆ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದಿಲ್ಲ. ಟಿಪಿಎಂ ತಪಾಸಣೆ ತಪ್ಪಿಸಬಹುದು, ಇದನ್ನು ತಪ್ಪಿಸಲು ಬರುವುದಿಲ್ಲ. 11 ಶುರುವೇ ಆಗುವುದಿಲ್ಲ.

ಚಿಕ್ಕಪ್ಪ: ಯಾವ ಹಳೇ ಕಂಪ್ಯೂಟರ್‌ಗಾದರೂ ಅಂತ ಹೇಳಿದನಲ್ಲ?

ಭಾವ: ಅವನು ಹೇಳಿದ್ದು ಸುಳ್ಳು.

ಅಕ್ಕ: ಆ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕೋಣ, ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್ ಅದು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಇನ್‌ಸ್ಟಾಲ್ ಒತ್ತುವವರೆಗೆ ಡಿಸ್ಕ್‌ನಲ್ಲಿರುವುದು ಹಾಗೇ ಇರುತ್ತದೆ. ಚಿಕ್ಕಪ್ಪನಿಗೆ ಕಲಿಯಲಿಕ್ಕೂ ಆಯಿತು.

ಚಿಕ್ಕಪ್ಪ: ಅದು ಆಗಬಹುದು. ಲ್ಯಾಪ್‌ಟಾಪ್ ತುಂಬಾ ನಿಧಾನ ಆಗಿದೆ, ಅದಕ್ಕೇ 11ರ ಯೋಚನೆ ಬಂದಿದ್ದು.

ನಾನು: ಅದರಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದೆ ಚಿಕ್ಕಪ್ಪ. 11 ಹಾಕಿದರೆ ವೇಗ ಬರುವುದಿಲ್ಲ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿದರೆ ಬರುತ್ತದೆ. ಆನ್ ಮಾಡಿ ನೀವು ಒಳಗೆ ಹೋಗಿ ಬರುವಷ್ಟು ಕಾಯುತ್ತೀರಲ್ಲ, ಆ ಕಾಯುವುದು ತಪ್ಪುತ್ತದೆ. ಹಳೇ ಡಿಸ್ಕನ್ನು ಮುಟ್ಟದೆ ತೆಗೆದಿಟ್ಟರೆ ಅದೇ ಒಂದು ಬ್ಯಾಕಪ್.

ಭಾವ: ಇದಕ್ಕೆ ನನ್ನ ತಕರಾರಿಲ್ಲ. ಆದರೆ ಅಕ್ಟೋಬರ್ ಹತ್ತಿರ ಬಂದಾಗ ಮತ್ತೆ ಇದೇ ಮಾತು ಬರುತ್ತದೆ. ಆಗ ಅದೇ ಎಸ್‌ಎಸ್‌ಡಿಗೆ 11 ಹಾಕೋಣ, ವರ್ಷ ವರ್ಷ ಬಂದು ಮಾಡಿಕೊಡುವುದು ನನ್ನ ಜವಾಬ್ದಾರಿ.

ಚಿಕ್ಕಮ್ಮ: ನೀವು ಬಂದು ಮಾಡಿಕೊಡುವುದಾದರೆ ನನಗೆ ಒಪ್ಪಿಗೆ.

ನಾನು: ನನಗೂ ಒಪ್ಪಿಗೆ. ಅದೊಂದು ಮಾತಿಗೇ ಇಷ್ಟು ಹೊತ್ತು ವಾದ ಮಾಡಿದೆ ಭಾವ.

ಚಿಕ್ಕಪ್ಪ: ಫೋಟೊಗಳೇ 140 ಜಿಬಿ ಇವೆ. ಕಾಪಿ ಇಟ್ಟುಕೊಳ್ಳಲು 64 ಜಿಬಿ ಪೆನ್‌ಡ್ರೈವ್ ಸಾಕಾ?

ಅಕ್ಕ: ಸಾಲದು. ನಮ್ಮ ಎಕ್ಸ್‌ಟರ್ನಲ್ ಡಿಸ್ಕ್ ತರುತ್ತೇನೆ.

ಚಿಕ್ಕಮ್ಮ: ಮೊದಲು ಸಂಘದ ಲೆಕ್ಕದ ಫೋಲ್ಡರ್ ಕಾಪಿ ಮಾಡಿ. ಫೋಟೊ ಆಮೇಲೆ.