ಅಪ್‌ಡೇಟ್: ಬಿದ್ರಿ ಹೂಜಿ ಕೊನೆಗೂ ಕಪ್ಪಗೇ ಬಂತು

ಹೋದ ತಿಂಗಳು ಕೇಳಿದ್ದೆನಲ್ಲ: ಬೀದರ್‌ನಲ್ಲಿ ಸೋದರಮಾವನ ಅಂಗಡಿಗೆ ಕರಪತ್ರ ಮಾಡುತ್ತಿದ್ದೇನೆ, ಬಿದ್ರಿ ಸಾಮಾನಿನ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಕುಸುರಿ) ಫೋಟೊ ತೆಗೆದರೆ ಕಪ್ಪು ಬಣ್ಣ ಬೂದು ಆಗುತ್ತದೆ, ಬೆಳ್ಳಿ ಕಣ್ಣು ಕುಕ್ಕುತ್ತದೆ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ತಪ್ಪು ಕ್ಯಾಮೆರಾದ್ದಲ್ಲ, ನನ್ನದೇ. ಕ್ಯಾಮೆರಾವನ್ನು ಆಟೊ ಮೋಡ್‌ನಲ್ಲಿ ಬಿಟ್ಟರೆ ಅದು ಎದುರಿಗಿರುವುದೆಲ್ಲ ನಡುವಿನ ಬೂದು ಬಣ್ಣ ಅಂದುಕೊಂಡು ಲೆಕ್ಕ ಹಾಕುತ್ತದೆ. ಕಪ್ಪು ಹೂಜಿ ಕಂಡರೆ ಸುಮ್ನೆ ಬೆಳಕು ಜಾಸ್ತಿ ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೊದ ಬೆಳಕು ಹೆಚ್ಚು-ಕಮ್ಮಿ ಮಾಡುವ ಸೆಟ್ಟಿಂಗ್) -1ಕ್ಕೆ ಇಳಿಸಿದೆ, ಸರಿಹೋಯಿತು. ಫ್ಲ್ಯಾಶ್ ಬಂದ್. ಕಿಟಕಿಗೆ ಮಾವನ ಬಿಳಿ ಧೋತ್ರ ಕಟ್ಟಿದೆ. ಬೆಳಕು ಮೆತ್ತಗಾಗಿ ಬೆಳ್ಳಿ ಬಳ್ಳಿಯ ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಂಡಿತು. ಹೂಜಿಯ ಕತ್ತಿನ ಬೆಳ್ಳಿ ಪಟ್ಟಿಯಲ್ಲಿ ನನ್ನ ಕೆಂಪು ಶರ್ಟೂ ಕಂಡಿತು! ಕಪ್ಪು ಶರ್ಟ್ ಹಾಕಿಕೊಂಡು ಮತ್ತೆ ತೆಗೆದೆ.

ಎಡಿಟಿಂಗ್ ಗಿಂಪ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲೇ ಮಾಡಿದೆ. ಕಪ್ಪು-ಬಿಳುಪು ಹೊಂದಿಸಲು ಲೆವೆಲ್ಸ್ ಸ್ವಲ್ಪ, ಧೂಳಿನ ಚುಕ್ಕೆ ಅಳಿಸಲು ಹೀಲ್ ಟೂಲ್, ಅಷ್ಟೇ.

ಪ್ರಿಂಟಿಂಗ್ ಪ್ರೆಸ್‌ನವರು ಮೊದಲ ಫೈಲ್ ಬೇಡ ಅಂದರು. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದ್ದೆ, ಕುಗ್ಗಿಹೋಗಿತ್ತು. ಡಾಕ್ಯುಮೆಂಟ್ ಆಗಿ ಕಳಿಸಿದೆ, ಅಚ್ಚಿನ ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬರುವಂತೆ. ಸ್ಯಾಂಪಲ್ ನಾಳೆ ಕೈಗೆ ಬರುತ್ತದೆ. ಮಾವ ಮಾತ್ರ ಇನ್ನೂ ಧೋತ್ರ ಹುಡುಕುತ್ತಿದ್ದಾರೆ.