.45 ಕೋಲ್ಟ್‌ಗೆ ಕರಿಮದ್ದು ತುಂಬಿದರೆ ಹನ್ನೆರಡನೇ ಸುತ್ತಿನ ಹೊತ್ತಿಗೆ ಸಿಲಿಂಡರ್ ಬಿಗಿಯುತ್ತಿದೆ

ಸೀಸದಗುಂಡು:

ಎಲ್ಲರಿಗೂ ನಮಸ್ಕಾರ. ರಿವಾಲ್ವರ್ 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಮಾದರಿಯ ಈಚಿನ ಪ್ರತಿಕೃತಿ, ತೋಟಾ .45 ಕೋಲ್ಟ್. ಮರುತುಂಬಿದ ಹಿತ್ತಾಳೆ ಕೇಸ್ (ತೋಟಾದ ಕೊಳವೆ), 2ಎಫ್ (ಕಾಳಿನ ಗಾತ್ರ) ಕರಿಮದ್ದು, 250 ಗ್ರೇನ್ ತೂಕದ ಸೀಸದ ಗುಂಡು. ಗುಂಡುಗಳು ಅಂಗಡಿಯವು, ಗುಂಡಿನ ಸುತ್ತ ಕೊರೆದ ಗಾಡಿಯಲ್ಲಿ (ತೋಡಿನಲ್ಲಿ) ನೀಲಿ ಬಣ್ಣದ ಗಟ್ಟಿ ಮೇಣ ಇದೆ. ಐದೈದರಂತೆ ಎರಡು ಸಲ ಹೊಡೆಯುವವರೆಗೆ ಸಲೀಸು. ಹನ್ನೆರಡನೆಯದರ ಹೊತ್ತಿಗೆ ಹ್ಯಾಮರ್ (ಹೊಡೆಯುವ ಮುನ್ನ ಹಿಂದಕ್ಕೆ ಎಳೆಯುವ ಕುಟ್ಟುಗೆ) ಎಳೆಯಲು ಎರಡೂ ಕೈ ಬೇಕು. ಖಾಲಿ ಕೇಸ್‌ಗಳ ಹೊರಮೈ ಬಾಯಿಯಿಂದ ಅರ್ಧದವರೆಗೂ ಕಪ್ಪಾಗಿರುತ್ತದೆ. ಮದ್ದು ಕಡಿಮೆ ಮಾಡಿ ನೋಡಿದರೂ ವ್ಯತ್ಯಾಸವಿಲ್ಲ. ಎಲ್ಲಿಂದ ಹುಡುಕಲಿ?

ಇನ್ನೊಂದು: 1890ರ ದಶಕದ ಅಸಲಿ ರಿವಾಲ್ವರ್‌ಗೆ ಹೊಗೆಯಿಲ್ಲದ ಮದ್ದನ್ನು ತೀರಾ ಕಡಿಮೆ ಹಾಕಿ ಬಳಸಬಹುದೇ?

ಕರಿಮದ್ದು45:

ಬಿಗಿಯುವ ಜಾಗ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ, ಮದ್ದಿನ ಅಳತೆ ಆಮೇಲೆ. ಬಿಗಿದ ಕೂಡಲೇ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು, ತೋಟಾಗಳನ್ನೆಲ್ಲ ಹೊರತೆಗೆದು, ಖಾಲಿ ಸಿಲಿಂಡರ್ (ತೋಟಾ ಕೂರುವ ತಿರುಗುವ ಭಾಗ) ತಿರುಗಿಸಿ. ಸಲೀಸಾಗಿ ತಿರುಗಿದರೆ ತಪ್ಪು ತೋಟಾದಲ್ಲಿದೆ: ಪ್ರೈಮರ್ (ಕೇಸಿನ ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಎದ್ದು ನಿಂತಿದೆ, ಇಲ್ಲವೇ ಒದೆತಕ್ಕೆ ಗುಂಡು ಮುಂದೆ ಜರುಗಿ ಸಿಲಿಂಡರಿನ ಮೂತಿಯಿಂದ ಹೊರಗೆ ಇಣುಕುತ್ತಿದೆ. ಖಾಲಿಯಿದ್ದರೂ ಬಿಗಿಯಾಗಿದ್ದರೆ ಸಿಲಿಂಡರ್ ಪಿನ್ (ಸಿಲಿಂಡರ್ ತಿರುಗುವ ಅಚ್ಚುಗೂಟ) ಎಳೆದು ಒರೆಸಿ ಮತ್ತೆ ಹಾಕಿ. ಅಷ್ಟಕ್ಕೇ ಸರಿಹೋದರೆ ಕಿಟ್ಟ ಕಟ್ಟಿದ್ದು ಪಿನ್ನಿನ ಮೇಲೆ. ಆಗಲೂ ಬಿಗಿಯೆಂದರೆ ಸಿಲಿಂಡರಿನ ಮೂತಿಗೂ ನಳಿಗೆಗೂ ನಡುವಿನ ಸಂದು ತುಂಬಿದೆ.

ನೀವು ಹೇಳಿದ್ದನ್ನು ನೋಡಿದರೆ ನನ್ನ ಅನುಮಾನ ಆ ನೀಲಿ ಮೇಣದ ಮೇಲೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನರೂಪದಲ್ಲೇ ಉಳಿಯುತ್ತದೆ. ಆ ಉಳಿಕೆ ಮೆತ್ತಗಿರಬೇಕಾದರೆ ಜಿಡ್ಡು ಬೇಕು. ಅಂಗಡಿಯ ಗಟ್ಟಿ ಮೇಣ ಹೊಗೆಯಿಲ್ಲದ ಮದ್ದಿಗೆ ಮಾಡಿದ್ದು, ಗಾಡಿಯಲ್ಲಿ ಇರುವುದೂ ಸ್ವಲ್ಪವೇ. ಪೆಟ್ರೋಲಿಯಂ ಜಿಡ್ಡು ಸೇರಿದರೆ ಮಸಿ ಡಾಂಬರಿನ ಹಾಗೆ ಅಂಟುತ್ತದೆ. ಗುಂಡುಗಳನ್ನು ಬಿಸಿನೀರಿನಲ್ಲಿ ಅದ್ದಿ ಹಳೆಯ ಮೇಣ ಕರಗಿಸಿ, ಪೂರ್ತಿ ಒಣಗಿಸಿ, ಜೇನುಮೇಣ ಮತ್ತು ಕುರಿಕೊಬ್ಬು ಸಮತೂಕದಲ್ಲಿ ಕರಗಿಸಿ ತುಂಬಿ. ಸೆಕೆಗೆ ಬೆವರಿದರೆ ಜೇನುಮೇಣ ಜಾಸ್ತಿ ಮಾಡಿ.

ಗಾಡಿ ಸಣ್ಣದಾದರೆ ಮದ್ದಿನ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ 1/8 ಇಂಚಿನ ಜಿಡ್ಡಿನ ಬಿಲ್ಲೆ, ಮತ್ತೊಂದು ರಟ್ಟು, ಆಮೇಲೆ ಗುಂಡು. ಕೆಳಗಿನ ರಟ್ಟು ಬಿಟ್ಟರೆ ಜಿಡ್ಡು ಇಳಿದು ಮದ್ದು ಕೆಡುತ್ತದೆ. ಮೇಲಿನದು ಬಿಟ್ಟರೆ ಜಿಡ್ಡು ಗುಂಡಿನ ತಳಕ್ಕೆ ಅಂಟಿಕೊಂಡೇ ಹಾರಿ ಗುರಿ ಚದುರುತ್ತದೆ. ಬಿಲ್ಲೆಗಳು ಹಿಡಿಯುವ ಜಾಗದಷ್ಟು ಮದ್ದು ಕಡಿಮೆ ಮಾಡಬೇಕು.

ಜಿಡ್ಡು ಸಾಕಾಗಿದೆಯೇ ಎನ್ನುವುದನ್ನು ಹತ್ತು ಸುತ್ತಿನ ನಂತರ ನಳಿಗೆಯ ತುದಿಯೇ ಹೇಳುತ್ತದೆ. ಗೆರೆಗೆರೆಯಾಗಿ ಒದ್ದೆ ಜಿಡ್ಡಿನ ನಕ್ಷತ್ರ ಮೂಡಿದ್ದರೆ ಸರಿ. ಒಣಗಿದ ಬೂದಿಯಿದ್ದರೆ ಇನ್ನೂ ಬೇಕು.

ಹಿತ್ತಾಳೆಕೇಸ್:

ಜಿಡ್ಡಿನ ಮಾತು ಒಪ್ಪುತ್ತೇನೆ, ಆದರೆ ಕೇಸಿನ ಹೊರಮೈ ಅರ್ಧದವರೆಗೆ ಕಪ್ಪಾಗಿದೆ ಎಂದಿದ್ದೀರಿ. ಅದು ಜಿಡ್ಡಿನಿಂದ ಸರಿಹೋಗುವ ತೊಂದರೆಯಲ್ಲ. .45 ಕೋಲ್ಟ್ ಕೇಸಿನ ಗೋಡೆ ದಪ್ಪ, ಕರಿಮದ್ದಿನ ಒತ್ತಡ ಕಡಿಮೆ. ಬಾಯಿ ಚೇಂಬರಿನ (ಸಿಲಿಂಡರಿನಲ್ಲಿ ತೋಟಾ ಕೂರುವ ತೂತಿನ) ಗೋಡೆಗೆ ಒತ್ತಿಕೊಂಡು ಮುಚ್ಚುವುದಿಲ್ಲ. ಹೊಗೆ ಪಕ್ಕದಿಂದ ಹಿಂದಕ್ಕೆ ನುಗ್ಗಿ ಸಿಲಿಂಡರಿನ ಹಿಂಬದಿಗೆಲ್ಲ ಮಸಿ ಹೊಡೆಯುತ್ತದೆ. .44-40 ಎಂಬ ಇನ್ನೊಂದು ತೋಟಾದ ಕೇಸಿನ ಕುತ್ತಿಗೆ ತೆಳು, ಅದು ಚೆನ್ನಾಗಿ ಮುಚ್ಚುತ್ತದೆ. ಅದೇ ಮದ್ದಿಗೆ ಆ ರಿವಾಲ್ವರ್‌ಗಳು ಇಷ್ಟು ಬೇಗ ಬಿಗಿಯದಿರುವುದು ಇದರಿಂದಲೇ.

ಮದ್ದು ಕಡಿಮೆ ಮಾಡಿದಷ್ಟೂ ಒತ್ತಡ ಇಳಿದು ಸೋರಿಕೆ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯ, ಕರಿಮದ್ದಿಗೂ ಗುಂಡಿನ ತಳಕ್ಕೂ ನಡುವೆ ಖಾಲಿ ಜಾಗ ಬಿಡಲೇಬಾರದು, ಅದು ಅಪಾಯ. ಹಳೆಯ ತೋಟಾದಲ್ಲಿ 40 ಗ್ರೇನ್ ಇತ್ತು ಎಂದು ಆ ಅಂಕಿಯ ಹಿಂದೆಯೂ ಬೀಳಬೇಡಿ: ಆ ಕಾಲದ ಕೇಸಿನ ತಳ ತೆಳ್ಳಗಿದ್ದು ಒಳಜಾಗ ಹೆಚ್ಚಿತ್ತು, ಇಂದಿನ ಗಟ್ಟಿ ತಳದ ಕೇಸಿನಲ್ಲಿ ಅಷ್ಟು ಹಿಡಿಸುವುದಿಲ್ಲ. ಗುಂಡಿನ ತಳ ಕೇಸಿನೊಳಗೆ ಎಲ್ಲಿಗೆ ಬರುತ್ತದೋ ಅಳೆದು ಒಂದು ಮರದ ಕಡ್ಡಿಯ ಮೇಲೆ ಗುರುತು ಹಾಕಿ. ಮದ್ದು ಆ ಗುರುತಿಗಿಂತ 1/16 ಇಂಚು ಮೇಲೆ ನಿಲ್ಲಲಿ. ಅದನ್ನು ಒತ್ತುವ ಕೆಲಸ ಬೇರೆ ಡೈಯಿಂದ (ಒತ್ತುವ ಅಚ್ಚಿನಿಂದ) ಆಗಬೇಕು. ಗುಂಡಿನಿಂದಲೇ ಒತ್ತಿದರೆ ಮೆದು ಸೀಸ ಉಬ್ಬಿ ತೋಟಾ ಚೇಂಬರಿಗೆ ಇಳಿಯುವುದಿಲ್ಲ.

ಇಷ್ಟಾದರೂ ಮಸಿ ಹಿಂದಕ್ಕೆ ಬಂದರೆ ಕೇಸಿನ ಬಾಯಿಯನ್ನು ಕಾಯಿಸಿ ಮೆದುಮಾಡಿ. ಪ್ರೈಮರ್ ತೆಗೆದ ಖಾಲಿ ಕೇಸ್‌ಗಳನ್ನು ಅರ್ಧ ಮುಳುಗುವಷ್ಟು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಮಬ್ಬು ಬೆಳಕಿನಲ್ಲಿ ಟಾರ್ಚ್ ಜ್ವಾಲೆಯನ್ನು ಬಾಯಿಯ ಸುತ್ತ ಆಡಿಸಿ. ಕೆಂಪು ಇನ್ನೇನು ಕಾಣಿಸಬೇಕು ಅನ್ನುವಾಗಲೇ ಕಡ್ಡಿಯಿಂದ ತಟ್ಟಿ ನೀರಿಗೆ ಕೆಡವಿ. ತಳಕ್ಕೆ ಶಾಖ ತಾಗಲೇಬಾರದು. ತಳ ಮೆದುವಾದ ಕೇಸ್ ಎಸೆಯುವುದಕ್ಕೇ ಸರಿ.

ಐದೇತೋಟಾ:

ಪ್ರೈಮರ್ ವಿಷಯ ಬೇಗ ಹೇಳಿಬಿಡುತ್ತೇನೆ. ಕೇಸಿನ ತಳಕ್ಕಿಂತ 3ರಿಂದ 5 ಸಾವಿರಾಂಶ ಇಂಚು ಒಳಗೆ ಕೂರಬೇಕು. ಬೆರಳು ಆಡಿಸಿದರೆ ಉಬ್ಬು ತಿಳಿಯುತ್ತದೆ. ಪ್ರೈಮರ್ ಗುಳಿಯಲ್ಲಿ ಕರಿಮದ್ದಿನ ಹಕ್ಕಳೆ ಉಳಿದಿದ್ದರೆ ಎಷ್ಟು ಒತ್ತಿದರೂ ಕೂರದು, ಒತ್ತಬೇಡಿ, ಗುಳಿ ಕೆರೆದು ಶುದ್ಧಮಾಡಿ. ಲಾರ್ಜ್ ರೈಫಲ್ ಪ್ರೈಮರ್ ಅಡ್ಡಳತೆಯಲ್ಲಿ ಲಾರ್ಜ್ ಪಿಸ್ತೂಲಿನದೇ ಆದರೂ ಎತ್ತರ ಹೆಚ್ಚು, ಇದರಲ್ಲಿ ಎದ್ದೇ ನಿಲ್ಲುತ್ತದೆ. ಫ್ರೇಮಿನ ಹಿಂಗೋಡೆಯ ಮೇಲೆ ಹೊಳೆಯುವ ಹಿತ್ತಾಳೆ ಬಣ್ಣದ ಬಿಲ್ಲು ಗೀಚಿದ್ದು ಕಂಡರೆ ಉಜ್ಜುತ್ತಿದೆ ಎಂದೇ ಲೆಕ್ಕ. ಐದೇ ತುಂಬಿ ಹ್ಯಾಮರನ್ನು ಖಾಲಿ ಚೇಂಬರಿನ ಮೇಲೆ ಇಳಿಸುವ ಅಭ್ಯಾಸ ನಿಮಗಿರುವುದು ಒಳ್ಳೆಯದು. ಹಳೆಯ ವಿನ್ಯಾಸದಲ್ಲಿ ಇಳಿದ ಹ್ಯಾಮರಿನ ಮೊನೆ ಪ್ರೈಮರಿಗೇ ತಾಗಿರುತ್ತದೆ.

ಎಷ್ಟೋ ಪ್ರತಿಕೃತಿಗಳಲ್ಲಿ ನಳಿಗೆಯ ಸಂದು ತೀರಾ ಕಿರಿದು. 3-4 ಸಾವಿರಾಂಶ ಇದ್ದರೆ ಕರಿಮದ್ದಿನ ಮಸಿಗೆ ಜಾಗವೇ ಇಲ್ಲ, 6ರಿಂದ 8 ಅನುಕೂಲ. ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡುಗಳಿಂದ) ಅಳೆಯಿರಿ. ಹೆಚ್ಚಿಸಬೇಕಾದರೆ ಬಂದೂಕು ರಿಪೇರಿಯವರಿಗೇ ಬಿಡಿ, ಅರದ ಕೆಲಸ ಅಲ್ಲ. ಪಿನ್ನಿಗೆ ಎಣ್ಣೆಯ ಬದಲು ಅದೇ ಜೇನುಮೇಣದ ಜಿಡ್ಡು ಸವರಿ.

ಸೀಸದಗುಂಡು:

ಸಂದು 4 ಸಾವಿರಾಂಶ ಇದೆ. ಪ್ರೈಮರ್‌ಗಳು ಸರಿಯಾಗಿಯೇ ಕೂತಿವೆ. ಕಡ್ಡಿಯಿಂದ ನೋಡಿದರೆ ಮದ್ದು ಗುಂಡಿನ ತಳವನ್ನು ಮುಟ್ಟುತ್ತಲೇ ಇಲ್ಲ.

ಕರಿಮದ್ದು45:

ಹಾಗಾದರೆ ಆ ತೋಟಾಗಳನ್ನು ಹೊಡೆಯದೆ ಬಿಚ್ಚಿಬಿಡಿ. ಮದ್ದಿನ ಎತ್ತರ ಮತ್ತು ಜಿಡ್ಡು ಎರಡನ್ನೂ ಸರಿಪಡಿಸಿ ಹೊಡೆದು ನೋಡಿ, ಸಂದಿಗೆ ಕೈಹಾಕುವುದು ಅದಾದ ಮೇಲೆ.

1890ರ ದಶಕದ್ದಕ್ಕೆ ಹೊಗೆಯಿಲ್ಲದ ಮದ್ದು ಬೇಡ, ಕಡಿಮೆ ಪ್ರಮಾಣದಲ್ಲೂ ಬೇಡ. ಈ ಮಾದರಿಗೆ ಅಂಥ ಮದ್ದಿನ ಖಾತರಿಯನ್ನು ಕೋಲ್ಟ್ ಕೊಟ್ಟಿದ್ದೇ 1900ರಲ್ಲಿ. ಅದಕ್ಕೂ ಹಿಂದಿನ ಸಿಲಿಂಡರಿನ ಲೋಹ ಇಂದಿನ ಹದಮಾಡಿದ ಉಕ್ಕಿನಷ್ಟು ಗಟ್ಟಿಯಲ್ಲ. ಜೊತೆಗೆ ಈ ಕೇಸ್ ಕರಿಮದ್ದಿನ ಗಾತ್ರಕ್ಕೆ ಮಾಡಿದ ದೊಡ್ಡ ಡಬ್ಬಿ. ಹೊಗೆಯಿಲ್ಲದ ಮದ್ದಿನ ಒಂದು ಅಳತೆ ಅದರ ತಳದಲ್ಲೆಲ್ಲೋ ಕೂರುತ್ತದೆ, ಎರಡು ಸಲ ಬಿದ್ದರೂ ಗುಂಡು ಸಲೀಸಾಗಿ ಕೂರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಕರಿಮದ್ದಾದರೆ ಎರಡನೇ ಅಳತೆ ಹೊರಗೇ ಚೆಲ್ಲುತ್ತದೆ.

ಹೊಡೆದ ಕೇಸ್‌ಗಳನ್ನು ಅಲ್ಲೇ ಸೋಪುನೀರಿನ ಡಬ್ಬಿಗೆ ಹಾಕಿಬಿಡಿ. ಒಂದು ರಾತ್ರಿ ಹಾಗೇ ಬಿಟ್ಟರೆ ಮಸಿ ಗಾಳಿಯ ತೇವ ಹೀರಿ ಹಿತ್ತಾಳೆಗೆ ಹಸಿರು ಹಿಡಿಸುತ್ತದೆ. ರಿವಾಲ್ವರ್‌ಗೂ ಅದೇ ದಿನ ಬಿಸಿನೀರು, ಒಣಬಟ್ಟೆ, ಆಮೇಲೆ ಎಣ್ಣೆ.