ಅಂಕಲ್ ಬಿಟ್ಟುಹೋದ ಕೊನೆಯ ಊಕುಲೇಲೆ: ಮೇಲ್ಹಲಗೆಯನ್ನು ಇನ್ನೂ ತೆಳು ಮಾಡಬೇಕಾ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ವಾದ್ಯದ ಕೆಲಸ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಾನು ಸಾಗರದ ಕಡೆಯವಳು, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ಹೊನೊಲುಲುವಿನಲ್ಲಿ ಹುಟ್ಟಿ ಬೆಳೆದ ಹಿರಿಯರೊಬ್ಬರಿದ್ದರು. ಹವಾಯಿಯಲ್ಲೂ ನಮ್ಮ ಹಾಗೆ ದೊಡ್ಡವರನ್ನು ಅಂಕಲ್, ಆಂಟಿ ಅಂತಾರೆ. ನನಗೂ ಅವರು ಅಂಕಲ್. ತಮ್ಮ ಗ್ಯಾರೇಜಿನಲ್ಲೇ ಊಕುಲೇಲೆ, ಅಂದರೆ ಗಿಟಾರ್ ಥರದ ನಾಲ್ಕು ತಂತಿಯ ಪುಟ್ಟ ವಾದ್ಯ, ಮಾಡುತ್ತಿದ್ದರು. ಮೊದಲ ದಿನ ನಾನು 'ಯೂಕಲೇಲಿ' ಅಂದೆ. ಅವರು ತಡೆದು ನಿಧಾನವಾಗಿ 'ಊ-ಕು-ಲೇ-ಲೆ' ಅಂತ ಹೇಳಿಸಿದರು. 'ಊಕು' ಅಂದರೆ ಚಿಗಟ, 'ಲೇಲೆ' ಅಂದರೆ ಜಿಗಿಯುವುದು. ಅದನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಆ ಚೀಟಿಯನ್ನು ಉಳಿಗಳ ಪಕ್ಕ ಗೋಡೆಗೆ ಅಂಟಿಸಿಕೊಂಡರು. ಶ್ರುತಿ ಮಾಡುವಾಗ ನಾಲ್ಕು ತಂತಿಗೆ ನಾಲ್ಕು ಪದ ಹಾಡುತ್ತಿದ್ದರು, ಅಲ್ಲಿನ ಮಕ್ಕಳೆಲ್ಲ ಹಾಡುವ ಹಾಗೆ: 'ಮೈ ಡಾಗ್ ಹ್ಯಾಸ್ ಫ್ಲೀಸ್', ನನ್ನ ನಾಯಿಗೆ ಚಿಗಟ ಅಂತ.

ನಾಲ್ಕು ವರ್ಷ ಶನಿವಾರಗಳೆಲ್ಲ ಅಲ್ಲೇ ಕಳೆದವು. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಹಡಗಿನಲ್ಲಿ ಪೋರ್ಚುಗಲ್‌ನ ಮದೀರಾ ದ್ವೀಪದಿಂದ ಹೊನೊಲುಲುವಿಗೆ ಬಂದ ಮನುಯೆಲ್ ನೂನೆಸ್ ಮತ್ತು ಜೊತೆಯವರ ಕಥೆ ಅಲ್ಲೇ ಕೇಳಿದ್ದು. ಅವರ ಊರಿನ ಪುಟ್ಟ ತಂತಿವಾದ್ಯವೇ ಹವಾಯಿಯ ಕೋವಾ ಮರದಲ್ಲಿ ಊಕುಲೇಲೆ ಆಯಿತು. ಆ ಕೋವಾ ನಮ್ಮ ಮಲೆನಾಡಿನಲ್ಲಿ ನೆಟ್ಟಿರುವ ಅಕೇಶಿಯಾದ ನೆಂಟ, ಗೊತ್ತಾ? ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರಿಗೆ ಅಕೇಶಿಯಾ ನೆಡುತೋಪು ಕಂಡರೆ ಆಗುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದರಲ್ಲಿ ನಾದ ಬರುತ್ತಾ?' ಅಂತ ಕೇಳಿದರು.

ಫೆಬ್ರವರಿಯಲ್ಲಿ ಅಂಕಲ್ ಹೋದರು. ಏಪ್ರಿಲ್‌ನಲ್ಲಿ ಆಂಟಿ ಒಂದು ರಟ್ಟಿನ ಡಬ್ಬ ತಂದು ನನ್ನ ಕೈಗಿಟ್ಟು, 'ನೀನೇ ಮುಗಿಸು' ಅಂದರು. ಬೇರೆ ಏನೂ ಹೇಳಲಿಲ್ಲ.

ಒಳಗೆ ಕಾನ್ಸರ್ಟ್ ಅಳತೆಯ ಊಕುಲೇಲೆ ಇದೆ, ಅಂದರೆ ತಂತಿಯ ಉದ್ದ 15 ಇಂಚು. ಬಗ್ಗಿಸಿದ ಪಕ್ಕದ ಪಟ್ಟಿಗಳು ಇನ್ನೂ ಅಚ್ಚಿನಲ್ಲೇ ಇವೆ. ಕುತ್ತಿಗೆ ರೆಡಿ. ಬೆರಳು ಹಲಗೆ ಬೀಟೆಯದು, ಗೀರು ಕೊಯ್ದಿದ್ದಾರೆ, ಫ್ರೆಟ್, ಅಂದರೆ ಲೋಹದ ಮೆಟ್ಟಿಲು, ಕೂರಿಸಿಲ್ಲ. ಮೇಲ್ಹಲಗೆಗೆ, ಅಂದರೆ ಒಡಲಿನ ಮುಂಭಾಗದ ಹಲಗೆಗೆ, ಒಳಗಡೆ ಆಧಾರದ ಪಟ್ಟಿಗಳನ್ನು ಅಂಟಿಸಿದ್ದಾರೆ.

ತೊಂದರೆ ಇಲ್ಲೇ. ಮೇಲ್ಹಲಗೆ 2.1 ಮಿ.ಮೀ. ದಪ್ಪ ಇದೆ. ನಾವಿಬ್ಬರೂ ಸೇರಿ ಮಾಡಿದ ಎರಡಕ್ಕೂ 1.8ಕ್ಕೆ ಇಳಿಸಿದ್ದೆವು. ಇದನ್ನು ಅವರು ಇನ್ನೂ ಕೀಸುವವರಿದ್ದರಾ, ಇಷ್ಟೇ ಸಾಕು ಅಂತ ಬಿಟ್ಟಿದ್ದರಾ? ಜಾಸ್ತಿ ಉಜ್ಜಿಬಿಟ್ಟರೆ ವಾಪಸ್ ಬರುವುದಿಲ್ಲ. ಮೂರು ವಾರದಿಂದ ಡಬ್ಬ ತೆಗೆಯುವುದು, ನೋಡುವುದು, ಮುಚ್ಚುವುದು, ಇಷ್ಟೇ ಆಗಿದೆ.

ಇನ್ನೊಂದು. ಒಳಗೆ ಯಾರ ಹೆಸರು ಬರೆಯಲಿ?

ಗಿಟಾರ್ ಬೆಂಚು, ಬೆಂಗಳೂರು:

ಮೇಡಂ, ಸದ್ಯಕ್ಕೆ ಸ್ಯಾಂಡ್‌ಪೇಪರ್ ಮುಟ್ಟಬೇಡಿ. ಎರಡು ವಿಷಯ ನೋಡಿ ಹೇಳಿ. ಹಲಗೆಯ ಒಳಮುಖದಲ್ಲಿ ಪೆನ್ಸಿಲ್ ಗುರುತು ಇದೆಯಾ? ಆಧಾರದ ಪಟ್ಟಿಗಳೆಲ್ಲ ಒಂದೇ ಆಕಾರದಲ್ಲಿವೆಯಾ?

ಸಾಗರದವಳು:

ಈಗಷ್ಟೇ ಟಾರ್ಚ್ ಹಿಡಿದು ನೋಡಿದೆ. ಮೂರು ಕಡೆ '2.1' ಅಂತ ಬರೆದು ಪಕ್ಕದಲ್ಲಿ ಟಿಕ್ ಹಾಕಿದ್ದಾರೆ. ಅವರದೇ ಅಕ್ಷರ. ಪಟ್ಟಿ ಮೂರಿವೆ. ಎರಡರ ತುದಿಯನ್ನು ಉಳಿಯಿಂದ ಇಳಿಜಾರಾಗಿ ತೆಗೆದಿದ್ದಾರೆ. ಮೂರನೆಯದು ಇನ್ನೂ ಚೌಕಾಕಾರವಾಗೇ ಇದೆ. ಇಷ್ಟು ದಿನ ಇದನ್ನು ನಾನು ನೋಡಿಯೇ ಇರಲಿಲ್ಲ.

ಗಿಟಾರ್ ಬೆಂಚು, ಬೆಂಗಳೂರು:

ಹಾಗಾದರೆ ಅವರೇ ಉತ್ತರ ಬರೆದಿಟ್ಟಿದ್ದಾರೆ. ದಪ್ಪ ತೀರ್ಮಾನ ಆದ ಮೇಲೆ ತಾನೆ ಪಟ್ಟಿ ಅಂಟಿಸುವುದು? ಮೂರು ಕಡೆ ಅಳೆದು ಟಿಕ್ ಹಾಕಿದವರಿಗೆ 1.8 ಮರೆತಿರಲಿಲ್ಲ. ಕೋವಾ ಎಲ್ಲ ಒಂದೇ ಥರ ಇರುವುದಿಲ್ಲ. ಒಂದು ತುಂಡು ಗಟ್ಟಿ, ಇನ್ನೊಂದು ಹಗುರ. ಇದು ಹಗುರದ್ದಿರಬೇಕು, ಅದಕ್ಕೇ ದಪ್ಪ ಬಿಟ್ಟಿದ್ದಾರೆ. ನಿಮ್ಮ ಹಳೆಯ ಊಕುಲೇಲೆ ಮಾಡುವಾಗ ಉಳಿದ ಚೂರಿದ್ದರೆ ಹೋಲಿಸಿ ನೋಡಿ.

ನಿಂತಿರುವುದು ಮೂರನೆಯ ಪಟ್ಟಿಯ ಕೆಲಸ. ಉಳಿದ ಎರಡನ್ನು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಪ್ರತಿ ಸಲ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿ ಕೇಳಿ.

ಕುದುರೆ ಅಂಟಿಸುವಾಗ ಹುಷಾರು. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ 12ನೇ ಫ್ರೆಟ್‌ಗೆ 190.5 ಮಿ.ಮೀ., ಅಂದರೆ 15 ಇಂಚಿನ ಅರ್ಧ, ಬರಬೇಕು. ಅಲ್ಲಿಂದ ಕುದುರೆಯ ಮೇಲೆ ತಂತಿ ಕೂರುವ ಸ್ಯಾಡಲ್‌ಗೂ ಅಷ್ಟೇ, ಜೊತೆಗೆ ಒಂದೆರಡು ಮಿ.ಮೀ. ಸೇರಿಸಿ. ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಏರುತ್ತಲ್ಲ, ಅದಕ್ಕೆ ಈ ಲೆಕ್ಕ.

ಮೇಳ ಕಟ್ಟುವವನು, ಮೈಸೂರು:

ಅಕ್ಕ, ನಮ್ಮದು ವೀಣೆ ರಿಪೇರಿ. ಊಕುಲೇಲೆ ನಾನು ಮುಟ್ಟಿಲ್ಲ, ಆದರೆ ತೀರಿಕೊಂಡವರ ಕೆಲಸ ಕೈಗೆ ಬಂದಿದೆ. ಅಪ್ಪ ಅರ್ಧಕ್ಕೆ ಬಿಟ್ಟಿದ್ದ ವೀಣೆಗೆ ಮೇಳ ಕಟ್ಟಿದ್ದು ನಾನೇ. 24 ಮೆಟ್ಟಿಲನ್ನೂ ಮೇಣದಲ್ಲಿ ಕೂರಿಸುವಾಗ ಕೈ ನಡುಗುತ್ತಿತ್ತು. ನಿಮ್ಮ ಮೂರು ವಾರ ನನಗೆ ಅರ್ಥವಾಗುತ್ತೆ.

ಒಳಗಿರುವ ಉಳಿಯ ಗೀರು, ಪೆನ್ಸಿಲ್ ಗುರುತು ಯಾವುದನ್ನೂ ಅಳಿಸಬೇಡಿ. ಮುಂದೆ ಯಾರಾದರೂ ರಿಪೇರಿಗೆ ಬಿಚ್ಚಿದರೆ ಅವರ ಕೈ ಅಲ್ಲಿ ಕಾಣಬೇಕು. ಮಳೆಯ ದಿನ ಹಿಂಬದಿ ಮುಚ್ಚಬೇಡಿ. ತೇವ ಕುಡಿದ ಮರವನ್ನು ಅಂಟಿಸಿದರೆ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತೆ. ಹೆಸರು ಅವರದೇ ಇರಲಿ. ಮುಗಿದ ತಾರೀಖನ್ನು ನೀವು ಬರೆಯಿರಿ.

ಸಾಗರದವಳು:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಹಳೆಯ ಚೂರು ಸಿಕ್ಕಿತು. ಒಂದೇ ಅಳತೆಗೆ ಕೊಯ್ದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಹೊಸ ಮರವೇ ಹಗುರ. ಅಂಕಲ್‌ಗೆ ಅದು ಕೈಯಲ್ಲೇ ಗೊತ್ತಾಗಿತ್ತು. ಮೇಲ್ಹಲಗೆ 2.1ರಲ್ಲೇ ಉಳಿಯಿತು.

ಮೂರನೆಯ ಪಟ್ಟಿಗೆ ನಾಲ್ಕು ಸಂಜೆ ಬೇಕಾದವು. ಅವರ ಉಳಿಯನ್ನೇ ಬಳಸಿದೆ. ಮೊದಲು ತಟ್ಟಿದರೆ ಡಬ್ಬ ಬಡಿದ ಹಾಗಿತ್ತು. ನಾಲ್ಕನೆಯ ಸಂಜೆ ಸದ್ದು ಸ್ವಲ್ಪ ಹೊತ್ತು ನಿಂತು ಆಮೇಲೆ ಹೋಯಿತು. ಇನ್ನೊಂದು ಸಲ ಕೀಸಬೇಕು ಅನ್ನಿಸಿತು. ಉಳಿ ಕೆಳಗಿಟ್ಟೆ.

ಹಿಂಬದಿ ಮುಚ್ಚುವ ಮೊದಲು ಆಂಟಿ ಅವರ ಲೇಬಲ್ ತಂದುಕೊಟ್ಟರು. ಜೊತೆಗೆ ಗೋಡೆಯ ಮೇಲಿದ್ದ ನನ್ನ ಕನ್ನಡ ಚೀಟಿಯೂ ಇತ್ತು. ಎರಡನ್ನೂ ಒಳಗೆ ಅಂಟಿಸಿದೆ. ಕೆಳಗೆ ತಾರೀಖು ಬರೆದೆ, ನನ್ನ ಹೆಸರು ಬೇಡ ಅನ್ನಿಸಿತು.

ಮೊನ್ನೆ ತಂತಿ ಹಾಕಿದೆ. ನೈಲಾನ್ ಅಲ್ವಾ, ಎಳೆದಷ್ಟೂ ಹಿಗ್ಗುತ್ತೆ. ಏರಿಸಿದ ಶ್ರುತಿ ಹತ್ತು ನಿಮಿಷಕ್ಕೆ ಇಳಿದುಹೋಗುತ್ತಿತ್ತು. ಹಿತ್ತಲಲ್ಲಿ ಕೂತು ಐದನೆಯ ಸಲವೋ ಆರನೆಯ ಸಲವೋ ಏರಿಸಿ ನಾಲ್ಕೂ ತಂತಿ ಮೀಟಿದೆ. ಬೇಲಿಯ ಆಚೆಯಿಂದ ಆಂಟಿ ಆ ನಾಲ್ಕು ಪದ ಹಾಡಿದರು.